ಗುಡ್ಡ ಕುಸಿದ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದು

2018ರ ಆಗಸ್ಟ್ ಮಳೆಗೆ ಕೊಡಗಿನ ಮಕ್ಕಂದೂರು ಕಡೆ ಗುಡ್ಡಗಳು ಕುಸಿದಾಗ ನಮ್ಮ ಕಾಫಿ ತೋಟದ ಕೆಳಗಿನ ಭಾಗ ಹೋಯಿತು. ಮನೆ ನಿಂತಿತ್ತು, ಆದರೆ ಗೋಡೆ ಬಿರುಕು ಬಿಟ್ಟಿತ್ತು. ಅಲ್ಲಿ ಇರಬೇಡಿ ಎಂದರು. ಮೊದಲು ಪರಿಹಾರ ಕೇಂದ್ರ, ಆಮೇಲೆ ಮಡಿಕೇರಿಯಲ್ಲಿ ನಮ್ಮ ಚರ್ಚಿನವರೊಬ್ಬರ ಮನೆಯ ಒಂದು ಕೋಣೆ.

ಅದನ್ನೆಲ್ಲ ಹೇಗೆ ದಾಟಿದಿರಿ ಅಂತ ಈಗಲೂ ಕೇಳುತ್ತಾರೆ. ಪ್ರಾರ್ಥನೆಯಿಂದ ಅಂತ ಹೇಳಿಬಿಡಬಹುದು. ಆದರೆ ಕಷ್ಟದಲ್ಲಿರುವವರಿಗೆ ಆ ಉತ್ತರ ಸಾಲದು. ಯಾಕೆಂದರೆ ಆಗ ನನಗೆ ಪ್ರಾರ್ಥನೆಯೇ ಬರುತ್ತಿರಲಿಲ್ಲ.

ಫಾದರ್ ಹತ್ತಿರ ಹೋಗಿ ಅದನ್ನೇ ಹೇಳಿದೆ. ದೇವರ ಮೇಲೆ ಸಿಟ್ಟಿದೆ ಅಂದೆ. ಅವರು ಬುದ್ಧಿ ಹೇಳಲಿಲ್ಲ. ಬೈಬಲ್ ತೆರೆದು 88ನೇ ಕೀರ್ತನೆ ತೋರಿಸಿ, "ಸದ್ಯಕ್ಕೆ ಇದೊಂದನ್ನೇ ಓದಮ್ಮಾ" ಅಂದರು. ಕೀರ್ತನೆಗಳು ಅಂದರೆ ಬೈಬಲಿನ ಪ್ರಾರ್ಥನಾ ಗೀತೆಗಳು, ಒಟ್ಟು 150. ಅದರಲ್ಲಿ ಗೋಳು ಹೇಳಿಕೊಳ್ಳುವ ಕೀರ್ತನೆಗಳು ತುಂಬಾ ಇವೆ. ಹೆಚ್ಚಿನವು ಕೊನೆಗೆ ಭರವಸೆಯ ಕಡೆ ತಿರುಗುತ್ತವೆ. 88ನೆಯದು ಹಾಗಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಇಂಥದ್ದೂ ಪವಿತ್ರ ಗ್ರಂಥದಲ್ಲಿದೆ ಅಂದರೆ, ನನ್ನ ಸಿಟ್ಟನ್ನೂ ದೇವರ ಮುಂದೆ ಇಡಬಹುದು ಅಲ್ವಾ? ಯೇಸುಸ್ವಾಮಿ ಶಿಲುಬೆಯ ಮೇಲೆ ಯಾಕೆ ನನ್ನ ಕೈಬಿಟ್ಟೆ ಎಂದು ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲೇ. ದಿನಾ ಬೆಳಿಗ್ಗೆ ಇವೆರಡನ್ನು ಗಟ್ಟಿಯಾಗಿ ಓದುತ್ತಿದ್ದೆ. ಬೇರೆ ಏನನ್ನೂ ಓದುತ್ತಿರಲಿಲ್ಲ.

ಸಂಜೆ ನಮ್ಮ ಕಿರು ಸಮುದಾಯದ, ಅಂದರೆ ಚರ್ಚಿನ ಅಕ್ಕಪಕ್ಕದ ಮನೆಗಳ ಚಿಕ್ಕ ಗುಂಪಿನ, ಹೆಂಗಸರು ಆ ಕೋಣೆಗೆ ಬಂದು ಮಣಿ ಎಣಿಸುತ್ತಾ ಜಪಸರ ಹೇಳುತ್ತಿದ್ದರು. ಜಪಸರದಲ್ಲಿ ಒಬ್ಬರು ಮರಿಯಮ್ಮನವರಿಗೆ ಹೇಳುವ 'ನಮೋ ಮರಿಯ' ಪ್ರಾರ್ಥನೆಯ ಅರ್ಧ ಹೇಳುತ್ತಾರೆ, ಉಳಿದವರು ಸೇರಿ ಇನ್ನರ್ಧ ಮುಗಿಸುತ್ತಾರೆ. ಗಂಟಲು ಕಟ್ಟಿ ನಾನು ಸುಮ್ನೆ ಕೂತರೂ ಪ್ರಾರ್ಥನೆ ನಿಲ್ಲುತ್ತಿರಲಿಲ್ಲ, ನನ್ನ ಪಾಲನ್ನು ಅವರೇ ಹೇಳುತ್ತಿದ್ದರು. ನನಗೆ ಸಮುದಾಯ ಅಂದರೆ ಇದು. ನಂಬಿಕೆ ನನ್ನಲ್ಲಿ ಇಲ್ಲದ ದಿನ ಅವರು ಅದನ್ನು ನನಗಾಗಿ ಹೊತ್ತರು.

ಬಂದವರಲ್ಲಿ ಕೆಲವರು "ಎಲ್ಲ ದೇವರ ಚಿತ್ತ" ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಆದರೂ ಎದೆಗೆ ಚುಚ್ಚುತ್ತಿತ್ತು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಮೊದಲು ಏಳು ದಿನ, ಏಳು ರಾತ್ರಿ ಅವನ ಜೊತೆ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ದೊಡ್ಡ ಉಪಕಾರ ಅದೇ. ಬಾಯಿ ಬಿಟ್ಟ ಮೇಲೆ ಯೋಬನಿಗೆ ನೋವು ಜಾಸ್ತಿಯಾಯಿತು.

ನೆರವು ಕೇಳುವುದು ನನಗೆ ಬಹಳ ಕಷ್ಟವಾಗಿತ್ತು. ಆಗ ನನ್ನ ಅಜ್ಜಿ ಹೇಳುತ್ತಿದ್ದ ವಿರಾಜಪೇಟೆಯ ಕಥೆ ನೆನಪಾಯಿತು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಅಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ಚರ್ಚ್ ಶುರುವಾಗಿದ್ದು 1792ರಲ್ಲಿ. ಆಸರೆ ಬೇಡಿಯೇ ಬಂದ ಜನ ನಾವು, ಇದರಲ್ಲಿ ನಾಚಿಕೆ ಏನು ಅಂತ ನನಗೆ ನಾನೇ ಹೇಳಿಕೊಂಡೆ. ಬೇಕಾದ್ದನ್ನು ಬಿಡಿಸಿ ಕೇಳತೊಡಗಿದೆ. ಮಗಳ ಪುಸ್ತಕ, ತಾಲ್ಲೂಕು ಕಚೇರಿಗೆ ಜೊತೆಗೊಬ್ಬರು, ಡಿಸೆಂಬರಿನಲ್ಲಿ ಉಳಿದ ಗಿಡಗಳ ಹಣ್ಣು ಕೊಯ್ಯಲು ಆಳು. "ಏನಾದರೂ ಬೇಕಾದರೆ ಹೇಳಿ" ಅಂದವರಿಗೆ ಹೀಗೆ ಹೇಳಿದಾಗ ಅವರಿಗೂ ಸಮಾಧಾನ. ಕೊಯ್ಲಿಗೆ ಪಕ್ಕದ ತೋಟದ ಕೊಡವರ ಮನೆಯವರೂ ಬಂದರು.

ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ. ಅಂದು ಹೊಸ ತೆನೆ ಆಶೀರ್ವದಿಸುವ ತೆನೆ ಹಬ್ಬಕ್ಕೆ ನನಗೆ ಮನಸ್ಸಿರಲಿಲ್ಲ. ನಮಗೆ ಕೋಣೆ ಕೊಟ್ಟ ಅಕ್ಕ ಆಶೀರ್ವದಿಸಿದ ತೆನೆ ತಂದು, ತಮ್ಮವರ ಜೊತೆ ನಮಗೂ ಎಲೆ ಹಾಕಿದರು. ಹೊಸ ಅಕ್ಕಿಯ ಊಟ ಮಾಡಿದೆವು.

ಇನ್ನೊಂದು ಮಾತು. ಮಳೆಯ ಸದ್ದು ಕೇಳಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ, ಎದೆ ಡವಡವ. ಡಾಕ್ಟರನ್ನು ನೋಡು ಅಂತ ಒತ್ತಾಯ ಮಾಡಿದ್ದೂ ಫಾದರೇ. ಮಾತ್ರೆ, ಆಪ್ತಸಲಹೆ ಎರಡೂ ಬೇಕಾದವು. ಪ್ರಾರ್ಥನೆ ಇದ್ದರೆ ಡಾಕ್ಟರ್ ಬೇಡ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಈಗ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಈಗ ನಾನು ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರ ಜೊತೆ ಮನೆ ಭೇಟಿಗೆ ಹೋಗುತ್ತೇನೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಕೆಲವು ವಿದ್ಯಾರ್ಥಿಗಳು ಕಟ್ಟಿದ ಸಭೆ ಅದು. ಕಷ್ಟದಲ್ಲಿರುವವರನ್ನು ಅವರ ಮನೆಗೇ ಹೋಗಿ ನೋಡುವುದು ಅದರ ಮುಖ್ಯ ಕೆಲಸ. ನಾವು ಇಬ್ಬಿಬ್ಬರಾಗಿ ಹೋಗುತ್ತೇವೆ. ಬುದ್ಧಿ ಹೇಳುವುದಿಲ್ಲ. "ನಾಳೆ ಬ್ಯಾಂಕಿಗೆ ಹೋಗಬೇಕಾ? ಮಗುವನ್ನು ನಾನು ನೋಡಿಕೊಳ್ಳಲಾ?" ಅಂತ ಕೇಳುತ್ತೇವೆ. ಸಾವಾದ ಮನೆಗೆ ಮೊದಲ ವಾರ ಎಲ್ಲರೂ ಬರುತ್ತಾರೆ. ನಾವು ಸಾವಾಗಿ ತಿಂಗಳಿಗೆ ಚರ್ಚಿನಲ್ಲಿ ಮಾಡುವ ತಿಂಗಳ ಪೂಜೆ ಕಳೆದ ಮೇಲೂ ಹೋಗುತ್ತೇವೆ. ಅಷ್ಟು ಹೊತ್ತಿಗೆ ಉಳಿದವರು ಬರುವುದು ಕಡಿಮೆಯಾಗಿರುತ್ತದೆ.