ಇಸವಿ ಕೇಳುವುದು ಬಿಟ್ಟೆ, ನೆರೆ ಕೇಳಲು ಶುರು ಮಾಡಿದೆ

ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ನಿವೃತ್ತಿ ಆದ ಮೇಲೆ ಮಂಗಳೂರು ಸುತ್ತಮುತ್ತ ಯುವಕ ಮಂಡಲ, ಮಹಿಳಾ ಮಂಡಲ ಅಂತ ಕರೆದಲ್ಲಿಗೆ ಹೋಗಿ ಊರಿನ ಇತಿಹಾಸದ ಬಗ್ಗೆ ಮಾತಾಡುತ್ತೇನೆ. ಈಗೀಗ ಮಾತು ಕಡಿಮೆ, ಕಮ್ಮಟ ಜಾಸ್ತಿ. ಹೇಗೆ ಮಾಡುತ್ತೀರಿ ಅಂತ ತುಂಬಾ ಜನ ಕೇಳುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ, ಹಿಂದೆ ತುಳುನಾಡನ್ನು ಆಳಿದ ಆಳುಪ ಅರಸರಿಂದ ಶುರು ಮಾಡಿದ್ದೆ. ಕದ್ರಿಯ ಲೋಕೇಶ್ವರ ವಿಗ್ರಹದ 968ರ ಶಾಸನ, ಬಾರಕೂರು, ವಿಜಯನಗರ, ಕೆಳದಿ, ಉಳ್ಳಾಲದ ಅಬ್ಬಕ್ಕ, 1784ರ ಮಂಗಳೂರು ಒಪ್ಪಂದ, 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರೈತರು ಬಂದು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ದು, ಎಲ್ಲವನ್ನೂ ಒಂದೂವರೆ ಗಂಟೆಯಲ್ಲಿ ಹೇಳಿ ಮುಗಿಸಿದೆ. ಜನ ಮರ್ಯಾದೆಯಿಂದ ಕೂತು ಕೇಳಿದರು. ಪ್ರಶ್ನೆ ಇದೆಯಾ ಅಂದರೆ ಯಾರೂ ಬಾಯಿ ಬಿಡಲಿಲ್ಲ. ಹೊರಗೆ ಚಾ ಕುಡಿಯುವಾಗ ಒಬ್ಬ ಹಿರಿಯರು ಹತ್ತಿರ ಬಂದು, "ಟೀಚರ್, ನಮ್ಮ ಮನೆಯ ಹಂಚಿನಲ್ಲಿ 1865 ಅಂತ ಉಂಟು. ಮನೆ ಅಷ್ಟು ಹಳೇದಾ?" ಅಂತ ಕೇಳಿದರು. ಕೂಡಲೇ ಸುತ್ತ ನಾಲ್ಕು ಜನ ಸೇರಿದರು. ನಮ್ಮಲ್ಲಿ ಬೇರೆ ಹೆಸರಿನ ಹಂಚು, ನಮ್ಮಲ್ಲಿ ಎರಡು ತರದ್ದು ಉಂಟು ಅಂತ ಮಾತು ಶುರುವಾಯಿತು. ಒಳಗೆ ಇಲ್ಲದ ಉತ್ಸಾಹ ಹೊರಗೆ ಇತ್ತು.

ಅಲ್ಲಿಂದ ನನ್ನ ಕಮ್ಮಟ ಹಂಚಿನಿಂದ ಶುರುವಾಗುತ್ತದೆ. ಬರುವಾಗ ಮನೆಯಿಂದ ಒಂದು ಹಳೆ ಹಂಚು ತನ್ನಿ ಅಂತ ಮೊದಲೇ ಹೇಳಿ ಕಳಿಸುತ್ತೇನೆ. ಎಲ್ಲವನ್ನೂ ಅಡಿ ಮೇಲೆ ಮಾಡಿ ಚಾಪೆಯ ಮೇಲೆ ಇಟ್ಟು ಹೆಸರು ಓದಿಸುತ್ತೇನೆ. 1865 ಅನ್ನುವುದು ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು ಅದನ್ನು ಕಟ್ಟಿದ್ದು. ಆಮೇಲೆ ಎಷ್ಟೋ ವರ್ಷ ಬಿಟ್ಟು ಮಾಡಿದ ಹಂಚಿನ ಮೇಲೂ ಅದೇ ಇಸವಿ ಒತ್ತುತ್ತಿದ್ದರು. ಹಾಗಾಗಿ ಇಸವಿಗಿಂತ ಹೆಸರು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಮೊದಲ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ಸರ್ಕಾರ ಮಿಶನ್‌ನ ಕಾರ್ಖಾನೆಗಳನ್ನು ವಶ ಮಾಡಿಕೊಂಡು, ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಕಾಮನ್‌ವೆಲ್ತ್ ಹೆಸರಿನ ಹಂಚು ಸಿಕ್ಕಿದರೆ ಅದು ಯುದ್ಧದ ನಂತರದ್ದು ಅಂತ ಧೈರ್ಯವಾಗಿ ಹೇಳಬಹುದು. ಆದರೆ ಹಂಚಿನ ಪ್ರಾಯವೇ ಮನೆಯ ಪ್ರಾಯ ಅಲ್ಲ. ಮೊದಲು ಮುಳಿಹುಲ್ಲಿನ ಮಾಡು ಇದ್ದು ಮತ್ತೆ ಹಂಚು ಹೊದಿಸಿದ ಮನೆಗಳಿವೆ. ಯಾರದ್ದೋ ಹಳೆ ಮನೆ ಬಿಚ್ಚಿದಾಗ ಹಂಚು, ಪಕ್ಕಾಸು, ರೀಪು ಎಲ್ಲಾ ಕೊಂಡು ತಂದು ಕಟ್ಟಿದ ಮನೆಗಳೂ ಇವೆ. ಇಷ್ಟು ಚರ್ಚೆ ಆಗುವಾಗ, ಒಂದು ಸಾಕ್ಷಿಯನ್ನು ಹೇಗೆ ನಂಬಬೇಕು, ಎಷ್ಟು ನಂಬಬೇಕು ಅಂತ ಜನರಿಗೆ ತಾನಾಗಿ ಗೊತ್ತಾಗುತ್ತದೆ. ನಾನು ಬೇರೆ ಪಾಠ ಮಾಡಬೇಕಾಗಿಲ್ಲ.

ಎರಡನೆಯದು ನೆನಪು. ಇಲ್ಲಿ ನಾನು ತುಂಬಾ ತಪ್ಪು ಮಾಡಿದೆ. "ಅಜ್ಜಿ, ಅದು ಯಾವ ಇಸವಿ?" ಅಂತ ಕೇಳಿದರೆ ಅವರು ಸುಮ್ನೆ ಆಗುತ್ತಾರೆ. ನೇತ್ರಾವತಿ ಹೊಳೆಯ ಬದಿಯವರ ಹತ್ತಿರ ನೆರೆಯ ಬಗ್ಗೆ ಕೇಳಬೇಕು. ನೆರೆಗೆ ತುಳುವಿನಲ್ಲಿ ಬೊಳ್ಳ ಅನ್ನುತ್ತಾರೆ. "ಬೊಳ್ಳದ ಮೊದಲಾ, ನಂತರವಾ?" ಅಂದರೆ ಥಟ್ಟನೆ ಉತ್ತರ ಬರುತ್ತದೆ. ಹಾಗೆಯೇ ಮದುವೆಯ ಮೊದಲಾ, ಕರೆಂಟ್ ಬಂದ ಮೇಲಾ, ದೊಡ್ಡ ಮಗ ಹುಟ್ಟಿದ್ದನಾ ಅಂತ ಕೇಳುತ್ತಾ ಹೋದರೆ ವರ್ಷ ತಾನಾಗಿ ಹತ್ತಿರ ಬರುತ್ತದೆ. ಆದರೆ ದೊಡ್ಡ ನೆರೆ ಎರಡು, 1923ರದ್ದು ಮತ್ತು 1974ರದ್ದು. ಎರಡನ್ನೂ ಮಾರಿ ಬೊಳ್ಳ ಅಂತಲೇ ಹೇಳುತ್ತಾರೆ. ಎಂಬತ್ತು ದಾಟಿದ ಒಬ್ಬರು ಅಜ್ಜಿ ನೀರು ಜಗಲಿಗೆ ಬಂದದ್ದು, ದೋಣಿಯನ್ನು ತೆಂಗಿನ ಮರಕ್ಕೆ ಕಟ್ಟಿದ್ದು ಎಲ್ಲವನ್ನೂ ಕಣ್ಣಾರೆ ಕಂಡ ಹಾಗೆ ಹೇಳಿದರು. ಮೆಲ್ಲ ಕೇಳುತ್ತಾ ಹೋದಾಗ, ದೋಣಿಯ ಕತೆ ಅವರ ತಾಯಿ ಹೇಳಿದ್ದು, ಜಗಲಿಯ ನೀರು ಅವರೇ ಕಂಡದ್ದು ಅಂತ ಗೊತ್ತಾಯಿತು. ಎರಡೂ ಬೇಕು. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಬೇಕು, ಅಷ್ಟೇ. ಈಗ ನಮ್ಮ ಹಾಳೆಯಲ್ಲಿ "ಕಂಡದ್ದು", "ಕೇಳಿದ್ದು" ಅಂತ ಎರಡು ಸಾಲು ಇರುತ್ತವೆ.

ಅದೇ 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ನಮ್ಮಲ್ಲಿ ಅದನ್ನು ಯಾರೂ ಕಾನೂನಿನ ಹೆಸರಿನಲ್ಲಿ ಹೇಳುವುದಿಲ್ಲ, "ಡಿಕ್ಲರೇಶನ್ ಹಾಕಿದ ವರ್ಷ" ಅನ್ನುತ್ತಾರೆ. ಒಕ್ಕಲಿನವರು, ಅಂದರೆ ಗೇಣಿಗೆ ಬೇಸಾಯ ಮಾಡುತ್ತಿದ್ದವರು, ಆ ಭೂಮಿ ತಮಗೆ ಬೇಕು ಅಂತ ಹಾಕಿದ ಅರ್ಜಿಯೇ ಡಿಕ್ಲರೇಶನ್. ಒಂದು ಕಡೆ ಕಮ್ಮಟದಲ್ಲಿ ದಣಿಗಳ (ಭೂಮಿಯ ಒಡೆಯರ) ಮನೆಯವರು, ಒಕ್ಕಲಿನ ಮನೆಯವರು ಒಂದೇ ಬೆಂಚಿನಲ್ಲಿ ಕೂತಿದ್ದರು. ಒಬ್ಬರು ಗೇಣಿ ಚೀಟು ತೆಗೆದು ಎಷ್ಟು ಮುಡಿ ಅಕ್ಕಿ ಅಳೆಯಬೇಕಿತ್ತು ಅಂತ ಜೋರಾಗಿ ಓದಿದರು. ಇನ್ನೊಬ್ಬರ ಮುಖ ಕೆಂಪಾಯಿತು. ನನ್ನ ಎದೆ ಹೊಡೆದುಕೊಂಡಿತು. ಆ ದಿನ ಅಲ್ಲಿಗೇ ನಿಲ್ಲಿಸಿ, ಮರುದಿನ ಎರಡೂ ಮನೆಗೆ ನಾನೇ ಹೋದೆ. ಒಂದು ಮನೆಯಲ್ಲಿ ಡಿಕ್ಲರೇಶನ್ ಹಾಕಲು ಎಷ್ಟು ಹೆದರಿದ್ದರು ಅಂತ ಹೇಳಿದರು. ಇನ್ನೊಂದು ಮನೆಯಲ್ಲಿ ಬರೀ ಗೇಣಿಯನ್ನೇ ನಂಬಿ ಬದುಕುತ್ತಿದ್ದ ವಿಧವೆ ಅತ್ತೆಯ ಕಷ್ಟ ಹೇಳಿದರು. ಎರಡೂ ನಿಜವೇ. ಭೂಮಿಯ ವಿಷಯ ಇದ್ದರೆ ಈಗ ನಾನು ಮೊದಲು ಮನೆಮನೆಯಲ್ಲೇ ಕೇಳುತ್ತೇನೆ. ಅವರು ಒಪ್ಪಿದರೆ ಮಾತ್ರ ಸಭೆಯಲ್ಲಿ ಹೇಳುವುದು. ಬೇಡವೇ ಬೇಡ ಅಂತ ಹೇಳುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಈ ಊರಿನ ಅರ್ಧ ಜನರ ಬದುಕು ಬದಲಾದದ್ದೇ ಆಗ, ಅಲ್ವಾ?

ಕಾಗದಪತ್ರದ ಬಗ್ಗೆ ಒಂದು ಕಟ್ಟುನಿಟ್ಟು. ಮೂಲ ಪ್ರತಿ ಯಾರ ಕೈಯಿಂದಲೂ ತೆಗೆದುಕೊಳ್ಳುವುದಿಲ್ಲ. ನನ್ನ ತವರಿನ ಹಳೆ ಫೋಟೋಗಳನ್ನು, ಅಜ್ಜನ ಮೂಲಗೇಣಿ (ಕಾಯಂ ಗೇಣಿ) ಪತ್ರವನ್ನು ಸ್ಮರಣ ಸಂಚಿಕೆಗೆ ಅಂತ ಒಬ್ಬರು ಕೊಂಡು ಹೋದರು. ಸಂಚಿಕೆ ಬಂತು, ಫೋಟೋ ವಾಪಸು ಬರಲಿಲ್ಲ. ಅಮ್ಮ ಕೊನೆಯವರೆಗೂ ಅದನ್ನು ಕೇಳುತ್ತಿದ್ದರು. ಹಾಗಾಗಿ ಅವರ ಮನೆಯಲ್ಲೇ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಮೊಬೈಲಿನಲ್ಲಿ ತೆಗೆಯುತ್ತೇವೆ. ಹಿಂಬದಿಯನ್ನೂ ತೆಗೆಯಬೇಕು. ಮುಂದೆ ಇಸವಿ ಹರಿದು ಹೋಗಿದ್ದರೂ ಛಾಪಾ ಕಾಗದದ ಗುರುತು ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದೆ, ಯಾಕೆಂದರೆ 1956ರ ತನಕ ನಾವು ಮದ್ರಾಸಿಗೆ ಸೇರಿದವರು.

ಶಾಸನದ ಕಲ್ಲು ಇದ್ದರೆ ಸುಣ್ಣ, ಪೈಂಟ್, ಚಾಕ್ ಯಾವುದನ್ನೂ ಹಚ್ಚಲು ಬಿಡಬೇಡಿ. ರಾತ್ರಿ ಹೋಗಿ ಟಾರ್ಚನ್ನು ಕಲ್ಲಿನ ಬದಿಯಿಂದ ಓರೆಯಾಗಿ ಹಿಡಿಯಿರಿ. ಹಗಲು ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ. ಮಕ್ಕಳಿಗೆ ಇದಕ್ಕಿಂತ ಖುಷಿಯ ಕೆಲಸ ಬೇರೆ ಇಲ್ಲ.

ಈ ಏಪ್ರಿಲ್‌ನಲ್ಲಿ ಗುರುಪುರ ಕಡೆ ಒಂದು ಹಳೆ ಮನೆಯ ಮಾಡು ಇಳಿಸುತ್ತಾರಂತೆ. ಎರಡೂ ಬದಿಯಿಂದ ಹತ್ತು ಹತ್ತು ಹಂಚು ಬೇರೆ ಇಡಿ, ಯಾವ ಬದಿಯದ್ದು ಅಂತ ಸೀಮೆಸುಣ್ಣದಲ್ಲಿ ಬರೆಯಿರಿ ಅಂತ ಹೇಳಿ ಬಂದಿದ್ದೇನೆ. ಒಡೆಯುವ ಮೊದಲು ಒಂದು ಫೋನ್ ಮಾಡಿ ಅಂದೆ. ಮಾಡುತ್ತೇವೆ ಟೀಚರ್ ಅಂದಿದ್ದಾರೆ.