ಕಿವುಡ ನೌಕರರಿಗೆ ಸನ್ನೆ ಭಾಷೆಯ ದುಭಾಷಿ: ಕಾರ್ಖಾನೆಗಳಲ್ಲಿ ವ್ಯವಸ್ಥೆ ಮಾಡುವ ಬಗೆ

ಹೊಸದಾಗಿ ಕೆಲಸಕ್ಕೆ ಸೇರಿದ ಕಿವುಡ ನೌಕರರಿಗೆ ಸೂಪರ್‌ವೈಸರ್ ಬಾಯಿ ಅಗಲಿಸಿ, ಕೈ ತೋರಿಸಿ, ಕೊನೆಗೆ ಚೀಟಿಯಲ್ಲಿ ಎರಡು ಸಾಲು ಬರೆದು ಕೆಲಸ ವಿವರಿಸುತ್ತಾರೆ. ನೌಕರರು ತಲೆಯಾಡಿಸುತ್ತಾರೆ, ಅರ್ಥವಾಯಿತೆಂದು ಇವರು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಆ ತಲೆಯಾಡಿಕೆಯನ್ನು ಒಪ್ಪಿಗೆಯೆಂದೂ ಗ್ರಹಿಕೆಯೆಂದೂ ಲೆಕ್ಕಕ್ಕೆ ಹಿಡಿಯುವುದರಿಂದಲೇ ಮುಂದಿನ ಬಹುಪಾಲು ತೊಂದರೆಗಳು ಹುಟ್ಟುತ್ತವೆ. ತುಮಕೂರಿನ ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುವವರಿಗೆ, ಶಿಫ್ಟ್ ನಡೆಸುವವರಿಗೆ ಮತ್ತು ಸಣ್ಣ ಕಾರ್ಖಾನೆಗಳ ಮಾಲೀಕರಿಗೆ ನೆರವಾಗಲೆಂದು ಇದನ್ನು ಬರೆದಿದ್ದೇನೆ. ದುಭಾಷಿಯನ್ನು ಕರೆಸುವುದು ಕಿವುಡ ನೌಕರರಿಗೆ ತೋರುವ ಕೃಪೆಯಲ್ಲ. ಕನ್ನಡ ಮಾತನಾಡುವ ಸೂಪರ್‌ವೈಸರ್‌ಗೂ ದುಭಾಷಿ ಅಷ್ಟೇ ಬೇಕು, ಏಕೆಂದರೆ ಸನ್ನೆ ಭಾಷೆ ಬಾರದವರು ಅವರು.

ಬರೆದು ತೋರಿಸಿದರೆ ಸಾಲದೇ ಎಂಬ ಪ್ರಶ್ನೆ ಮೊದಲು ಬರುತ್ತದೆ. ಭಾರತೀಯ ಸನ್ನೆ ಭಾಷೆ ಕನ್ನಡವನ್ನೋ ಹಿಂದಿಯನ್ನೋ ಕೈಯಲ್ಲಿ ಆಡುವುದಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ. ಪ್ರಶ್ನೆಯೋ ನಿಷೇಧವೋ ಎಂಬುದು ಅಲ್ಲಿ ಹುಬ್ಬು, ಮುಖಭಾವ, ತಲೆಯ ಚಲನೆಗಳಿಂದ ತಿಳಿಯುತ್ತದೆ. ಹುಟ್ಟಿನಿಂದಲೇ ಕಿವಿ ಕೇಳಿಸದವರಿಗೆ ಕನ್ನಡವು ಕಿವಿಯ ಮೂಲಕ ಬಂದ ಭಾಷೆಯಲ್ಲವಾದ್ದರಿಂದ, ಎಸ್ಸೆಸ್ಸೆಲ್ಸಿ ಮುಗಿಸಿದವರಿಗೂ ಉದ್ದದ ಕನ್ನಡ ವಾಕ್ಯ ಓದುವುದು ಕಷ್ಟವಾಗಬಹುದು. ತುಟಿಯ ಚಲನೆ ನೋಡಿ ಅರ್ಥಮಾಡಿಕೊಳ್ಳುತ್ತಾರೆಂಬ ನಂಬಿಕೆಯೂ ಅರ್ಧ ಸತ್ಯ. ಪ, ಬ, ಮ ಈ ಮೂರು ಅಕ್ಷರಗಳೂ ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ. ಕ, ಗ ಮುಂತಾದವು ಗಂಟಲ ಬಳಿ ಹುಟ್ಟುವುದರಿಂದ ಕಾಣುವುದೇ ಇಲ್ಲ. ಮಾಸ್ಕ್ ಹಾಕಿದರೆ ಮಾತೇ ಬೇಡ.

ಎಲ್ಲ ಕಿವುಡರಿಗೂ ಸನ್ನೆ ಭಾಷೆಯ ದುಭಾಷಿಯೇ ಬೇಕೆಂದೂ ಇಲ್ಲ. ಬೆಳೆದ ಮೇಲೆ ಶ್ರವಣಶಕ್ತಿ ಕಳೆದುಕೊಂಡವರಿಗೆ ಸನ್ನೆ ಭಾಷೆ ಬಾರದಿರಬಹುದು. ಅವರಿಗೆ ಬರವಣಿಗೆಯೇ ಅನುಕೂಲ. ಇನ್ನು ಶಾಲೆಯ ಮುಖ ಕಾಣದೆ ಪಾವಗಡ, ಮಧುಗಿರಿ ಕಡೆಯ ಹಳ್ಳಿಯಲ್ಲಿ ಬೆಳೆದವರೊಬ್ಬರು ಮನೆಯವರೊಂದಿಗೆ ಬಳಸುವ ಸ್ವಂತ ಸನ್ನೆಗಳನ್ನಷ್ಟೇ ಬಲ್ಲವರಾಗಿರಬಹುದು. ಅಂಥವರ ವಿಷಯದಲ್ಲಿ ತರಬೇತಾದ ದುಭಾಷಿಯೂ ಒಬ್ಬರೇ ಸಾಲುವುದಿಲ್ಲ. ಅವರ ಸನ್ನೆಗಳನ್ನು ಹಿಡಿದು ಬಿಡಿಸಬಲ್ಲ ಅನುಭವಿ ಕಿವುಡ ವ್ಯಕ್ತಿಯೊಬ್ಬರನ್ನು ದುಭಾಷಿಯ ಜೊತೆಗೆ ಕೂರಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ನೌಕರರನ್ನೇ ಕೇಳುವುದು: ಯಾವ ಭಾಷೆ, ಯಾವ ಸಂದರ್ಭಗಳಲ್ಲಿ ದುಭಾಷಿ ಬೇಕು, ಯಾವುದಕ್ಕೆ ಬರವಣಿಗೆ ಸಾಕು, ಈ ಹಿಂದೆ ಯಾರೊಂದಿಗೆ ಕೆಲಸ ಮಾಡಿ ಹೊಂದಿಕೆಯಾಗಿತ್ತು. ಉತ್ತರವನ್ನು ಅವರ ಕಡತದಲ್ಲಿ ಬರೆದಿಡಿ. ಸೂಪರ್‌ವೈಸರ್ ಬದಲಾದಾಗ ಎಲ್ಲವನ್ನೂ ಮತ್ತೆ ಮೊದಲಿನಿಂದ ಶುರುಮಾಡುವಂತಾಗಬಾರದು.

ಕಾನೂನು ಏನನ್ನುತ್ತದೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ಶ್ರವಣ ನಷ್ಟವಿರುವವರನ್ನು ಅದು ಕಿವುಡರೆಂದೂ, 60ರಿಂದ 70 ಡೆಸಿಬೆಲ್ ನಷ್ಟವಿರುವವರನ್ನು ಮಂದ ಶ್ರವಣದವರೆಂದೂ ಗುರುತಿಸುತ್ತದೆ. ಸಂವಹನ ಎಂಬುದರ ವ್ಯಾಖ್ಯೆಯಲ್ಲಿಯೇ ಸನ್ನೆ ಭಾಷೆ ಸೇರಿದೆ. ಸರ್ಕಾರಿ ಸಂಸ್ಥೆಗಳು ಅಂಗವೈಕಲ್ಯವುಳ್ಳ ನೌಕರರಿಗೆ ಸೂಕ್ತ ಹೊಂದಾಣಿಕೆ ಒದಗಿಸಲೇಬೇಕೆಂದು 20ನೇ ಸೆಕ್ಷನ್ ಹೇಳಿದರೆ, 21ನೇ ಸೆಕ್ಷನ್ ಖಾಸಗಿಯವರನ್ನೂ ಒಳಗೊಂಡು ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆನ್ನುತ್ತದೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯು ಆ ನೀತಿಯಲ್ಲಿ ಒದಗಿಸುವ ಸೌಲಭ್ಯಗಳನ್ನು ವಿವರಿಸಿ, ಇದನ್ನೆಲ್ಲ ನೋಡಿಕೊಳ್ಳಲು ಸಂಪರ್ಕಾಧಿಕಾರಿಯೊಬ್ಬರನ್ನು ನೇಮಿಸಬೇಕೆಂದು 2017ರ ನಿಯಮಗಳು ತಿಳಿಸುತ್ತವೆ. ನಿಮ್ಮ ನೀತಿಯಲ್ಲಿ ರ‍್ಯಾಂಪ್, ಶೌಚಾಲಯಗಳ ಪ್ರಸ್ತಾಪವಷ್ಟೇ ಇದ್ದರೆ ದುಭಾಷಿಯ ಬಗ್ಗೆ ಒಂದು ಪ್ಯಾರಾ ಸೇರಿಸಿ: ಯಾರನ್ನು ಕೇಳಬೇಕು, ಎಷ್ಟು ದಿನ ಮೊದಲು ತಿಳಿಸಬೇಕು, ವೆಚ್ಚ ಯಾವ ಖಾತೆಯಿಂದ ಬರುತ್ತದೆ. ಈ ವೆಚ್ಚವನ್ನು ಆಯಾ ಶೆಡ್ಡಿನ ಬಜೆಟ್ಟಿಗೆ ಹಾಕದೆ ಕಂಪನಿಯ ಕೇಂದ್ರ ಖಾತೆಗೆ ಹಾಕುವುದು ಉತ್ತಮ. ಇಲ್ಲದಿದ್ದರೆ ಪ್ರತಿ ಸಲವೂ ಲೈನ್ ಇನ್‌ಚಾರ್ಜ್ ಖರ್ಚು ಉಳಿಸುವ ಲೆಕ್ಕ ಹಾಕುತ್ತಾರೆ, ನೌಕರರು ಕೇಳುವುದನ್ನೇ ಬಿಡುತ್ತಾರೆ.

ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಅವರು 2023ರ ಸೆಪ್ಟೆಂಬರ್‌ನಲ್ಲಿ ದುಭಾಷಿಯ ಮೂಲಕ ಸುಪ್ರೀಂ ಕೋರ್ಟಿನ ಮುಂದೆ ಹಾಜರಾದರು, 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ವಾದ ಮಂಡಿಸಿದರು. ಕಾನೂನಿನ ಅಷ್ಟು ಸೂಕ್ಷ್ಮ ವಾದವನ್ನು ಸನ್ನೆ ಭಾಷೆಯಲ್ಲಿ ನಡೆಸಲು ಸಾಧ್ಯವಿರುವಾಗ, ಶಿಫ್ಟ್ ಬದಲಾವಣೆಯನ್ನೋ ಬೋನಸ್ ಲೆಕ್ಕವನ್ನೋ ತಿಳಿಸಲಾಗದು ಎಂಬ ಮಾತಿಗೆ ಅರ್ಥವಿಲ್ಲ.

ಯಾರನ್ನು ಕರೆಸಬೇಕು

ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆ ಪಡೆದ, ಸನ್ನೆ ಭಾಷೆಯ ದುಭಾಷಿ ಕೆಲಸಕ್ಕೆಂದೇ ಇರುವ ಎರಡು ವರ್ಷಗಳ ಡಿಪ್ಲೊಮಾ ಇದೆ. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವೂ ಈ ಕೋರ್ಸನ್ನು ನಡೆಸುತ್ತದೆ. ಅರ್ಹತೆಯ ಪ್ರಮಾಣಪತ್ರ ಕೇಳುವುದರಲ್ಲಿ ಸಂಕೋಚ ಬೇಡ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ, ಅದನ್ನು ಕೇಳಲು ಅನೇಕರು ಮರೆಯುತ್ತಾರೆ: ಅವರಿಗೆ ಕನ್ನಡ ಎಷ್ಟು ಬರುತ್ತದೆ? ಇಂಗ್ಲಿಷ್ ಮತ್ತು ಸನ್ನೆ ಭಾಷೆಯ ನಡುವೆ ಸೊಗಸಾಗಿ ಕೆಲಸ ಮಾಡುವವರೊಬ್ಬರು ನಮ್ಮ ಫೋರ್‌ಮನ್ನರ ಬಯಲುಸೀಮೆಯ ಕನ್ನಡದ ಮುಂದೆ ತಡವರಿಸಬಹುದು. ಕೋಲಾರ, ಚಿಕ್ಕಬಳ್ಳಾಪುರದ ಶೆಡ್‌ಗಳಲ್ಲಿ ಕನ್ನಡದ ಜೊತೆ ತೆಲುಗೂ ಬೆರೆಯುವುದರಿಂದ ಅಲ್ಲಿ ಅದನ್ನೂ ವಿಚಾರಿಸಬೇಕು.

ನೌಕರರ ಅಣ್ಣನನ್ನೋ, ಹೆಂಡತಿಯನ್ನೋ, ಅಲ್ಪಸ್ವಲ್ಪ ಸನ್ನೆ ಕಲಿತ ಸಹೋದ್ಯೋಗಿಯನ್ನೋ ಕರೆದು ಕೆಲಸ ಮುಗಿಸುವ ರೂಢಿ ಬೇಡ. ಕ್ಯಾಂಟೀನಿನಲ್ಲಿ ಊಟದ ಹೊತ್ತಿನ ಮಾತಿಗೆ ಸಹೋದ್ಯೋಗಿಯ ಸನ್ನೆ ಧಾರಾಳವಾಗಿ ಸಾಕು, ಅದನ್ನು ಪ್ರೋತ್ಸಾಹಿಸಬೇಕು ಕೂಡ. ಆದರೆ ಸಂಬಳ, ಕಾಯಿಲೆ, ಮೆಮೊ, ದೂರು ಇವುಗಳ ವಿಷಯದಲ್ಲಿ ಮನೆಯವರು ತಮಗೆ ಸರಿಕಂಡದ್ದನ್ನು ಸೇರಿಸುತ್ತಾರೆ, ನೋವಾಗುವುದನ್ನು ಬಿಡುತ್ತಾರೆ. ಸಹೋದ್ಯೋಗಿಗೆ ಗುಟ್ಟು ತಿಳಿದುಬಿಡುತ್ತದೆ. ಶಿಸ್ತು ವಿಚಾರಣೆಯಲ್ಲಿಯೂ, ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಡಿ ರಚಿಸಿದ ಆಂತರಿಕ ಸಮಿತಿಯ ಮುಂದೆಯೂ ಹೊರಗಿನ, ತರಬೇತಾದ, ಸಂಬಂಧಪಟ್ಟ ನೌಕರರು ಒಪ್ಪಿದ ದುಭಾಷಿಯೇ ಇರಬೇಕು. ಮಹಿಳೆಯರು ಮಹಿಳಾ ದುಭಾಷಿಯನ್ನು ಕೇಳಿದರೆ ಒದಗಿಸಬೇಕು. ದುಭಾಷಿ ಬರುವವರೆಗೆ ಹೇಳಿಕೆಗೆ ಸಹಿ ಹಾಕಿಸಿಕೊಳ್ಳಬೇಡಿ.

ಗೊತ್ತುಮಾಡುವಾಗ

ತುಮಕೂರಿಗೆ ದುಭಾಷಿಯನ್ನು ಬೆಂಗಳೂರಿನಿಂದ ಕರೆಸುವುದಾದರೆ ಸುಮಾರು 70 ಕಿಲೋಮೀಟರ್ ಪ್ರಯಾಣ, ಅಲ್ಲಿಂದ ಕಾರ್ಖಾನೆಗೆ ಮತ್ತಷ್ಟು ದೂರ. ಒಂದು ಗಂಟೆಯ ಸಭೆಗೂ ಅವರ ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. ಆ ಹೊತ್ತಿಗೂ ಪ್ರಯಾಣಕ್ಕೂ ಹಣ ಕೊಡಬೇಕು. ಹಾಗಾಗಿ ಸುರಕ್ಷತಾ ತರಬೇತಿ, ವಾರ್ಷಿಕ ಮೌಲ್ಯಮಾಪನ, ಪಿ.ಎಫ್. ಮತ್ತು ಇ.ಎಸ್.ಐ. ಸಂಬಂಧದ ಪ್ರಶ್ನೆಗಳನ್ನು ಒಂದೇ ದಿನಕ್ಕೆ ಹೊಂದಿಸಿಕೊಳ್ಳುವುದು ಜಾಣತನ. ಅಕ್ಕಪಕ್ಕದ ಎರಡು ಮೂರು ಕಾರ್ಖಾನೆಗಳು ಸೇರಿ, ತಿಂಗಳಿಗೆ ನಿಗದಿತ ದಿನಗಳಲ್ಲಿ ಒಬ್ಬರೇ ದುಭಾಷಿ ಬರುವಂತೆ ಒಪ್ಪಂದ ಮಾಡಿಕೊಂಡರೆ ವೆಚ್ಚ ಹಂಚಿಹೋಗುತ್ತದೆ, ದುಭಾಷಿಗೂ ಆ ಕೆಲಸದ ಪರಿಚಯ ಬೆಳೆಯುತ್ತದೆ. ಈ ದಾರಿಯನ್ನು ನಮ್ಮ ಜಿಲ್ಲೆಯ ಕೈಗಾರಿಕೆಗಳು ಗಂಭೀರವಾಗಿ ಯೋಚಿಸಬೇಕೆಂದು ನನ್ನ ಅಭಿಪ್ರಾಯ.

ಸಭೆ ಒಂದು ಗಂಟೆ ಮೀರುವುದಾದರೆ ಇಬ್ಬರು ದುಭಾಷಿಗಳು ಬೇಕು. ಕೇಳುತ್ತಲೇ ಇನ್ನೊಂದು ಭಾಷೆಗೆ ಒಯ್ಯುವ ಕೆಲಸದಲ್ಲಿ ಮನಸ್ಸು ಬೇಗ ದಣಿಯುತ್ತದೆ. ಅದಕ್ಕಾಗಿ 20ರಿಂದ 30 ನಿಮಿಷಕ್ಕೊಮ್ಮೆ ಅವರು ಸರದಿ ಬದಲಿಸಿಕೊಳ್ಳುತ್ತಾರೆ. ಒಬ್ಬರನ್ನೇ ಮೂರು ಗಂಟೆ ನಿಲ್ಲಿಸಿದರೆ ನಷ್ಟ ಕಿವುಡ ನೌಕರರದು, ಏಕೆಂದರೆ ಕೊನೆಯ ಗಂಟೆಯಲ್ಲಿ ಹೇಳಿದ್ದರಲ್ಲಿ ಎಷ್ಟು ಸೋರಿಹೋಯಿತೆಂದು ತಿಳಿಯುವ ದಾರಿ ಯಾರಿಗೂ ಇರುವುದಿಲ್ಲ.

ತರಬೇತಿಯ ಟಿಪ್ಪಣಿ, ಚಿತ್ರಗಳು, ಯಂತ್ರದ ಭಾಗಗಳ ಹೆಸರು ಮತ್ತು ಮಾತನಾಡುವವರ ಹೆಸರುಗಳನ್ನು ಕೆಲವು ದಿನ ಮೊದಲೇ ಕಳಿಸಿ. ನಿಮ್ಮ ಶೆಡ್ಡಿನಲ್ಲಿ ಮಾತ್ರ ಬಳಕೆಯಲ್ಲಿರುವ ಅಡ್ಡಹೆಸರುಗಳನ್ನು ಬಿಡಬೇಡಿ. ಮೂರನೇ ಲೈನಿನ ಹಳೆಯ ಪ್ರೆಸ್ಸನ್ನು ಎಲ್ಲರೂ ಒಂದು ಹೆಸರಿನಿಂದ ಕರೆಯುತ್ತಿದ್ದರೆ ಅದು ದುಭಾಷಿಗೂ ತಿಳಿದಿರಬೇಕು. ಆ ಯಂತ್ರಗಳಿಗೆ ಕಿವುಡ ನೌಕರರು ಈಗಾಗಲೇ ತಮ್ಮೊಳಗೆ ಸನ್ನೆಗಳನ್ನು ಕಟ್ಟಿಕೊಂಡಿರುವುದು ಸಾಮಾನ್ಯ. ಆದ್ದರಿಂದ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ದುಭಾಷಿಯೂ ಆ ನೌಕರರೂ ಕೂತು ಮಾತನಾಡಲು ಬಿಡುವು ಕೊಡಿ. ಗೇಟ್ ಪಾಸ್, ಹೆಲ್ಮೆಟ್, ಸುರಕ್ಷತಾ ಬೂಟುಗಳನ್ನು ಸಿದ್ಧವಾಗಿಟ್ಟಿರಬೇಕು. ಕಾರ್ಯಕ್ರಮ ರದ್ದಾದರೆ ಎಷ್ಟು ಹಣ, ಸಮಯ ಮೀರಿದರೆ ಎಷ್ಟು, ಕೇಳಿದ ವಿಷಯವನ್ನು ಹೊರಗೆ ಹೇಳಬಾರದೆಂಬ ಷರತ್ತು, ವಿಡಿಯೊ ಮಾಡಿಕೊಳ್ಳಲು ಒಪ್ಪಿಗೆ ಇದೆಯೋ ಇಲ್ಲವೋ, ಇವೆಲ್ಲ ಮೊದಲೇ ಬರಹದಲ್ಲಿರಲಿ.

ಆ ದಿನ

ದುಭಾಷಿ ಮಾತನಾಡುವವರ ಪಕ್ಕದಲ್ಲಿ, ಕಿವುಡ ನೌಕರರಿಗೆ ಎದುರಾಗಿ ನಿಲ್ಲಬೇಕು. ಬೆನ್ನ ಹಿಂದೆ ಕಿಟಕಿಯೋ ತೆರೆದ ಶಟರ್ರೋ ಇದ್ದರೆ ಬೆಳಕಿಗೆ ಮುಖವೂ ಕೈಯೂ ಕಪ್ಪಾಗಿ ಕಾಣುತ್ತವೆ. ಪ್ರೊಜೆಕ್ಟರ್‌ಗಾಗಿ ದೀಪ ಆರಿಸುವುದಾದರೆ ದುಭಾಷಿಯ ಮೇಲೆ ಒಂದು ದೀಪ ಉಳಿಸಿ. ನೌಕರರು ಎಲ್ಲಿ ಕೂರಬೇಕೆಂಬುದನ್ನು ಅವರೇ ಆರಿಸಿಕೊಳ್ಳಲಿ.

ಮಾತನಾಡುವಾಗ ನೌಕರರನ್ನು ನೋಡಿ, ಅವರನ್ನೇ ಉದ್ದೇಶಿಸಿ ಮಾತನಾಡಿ. "ಇವರಿಗೆ ನಾಳೆ ಬೇಗ ಬರೋಕೆ ಹೇಳಿ" ಎಂದು ದುಭಾಷಿಗೆ ಹೇಳುವ ಬದಲು "ನಾಳೆ ಆರು ಗಂಟೆಗೆ ಬನ್ನಿ" ಎಂದು ನೌಕರರಿಗೇ ಹೇಳಿದರೆ ಸಾಕು. ದುಭಾಷಿ ತಮ್ಮ ಕಿವಿಗೆ ಬಿದ್ದದ್ದನ್ನೆಲ್ಲ ತಲುಪಿಸುತ್ತಾರೆ, ಪಕ್ಕದಲ್ಲಿ ಮೆಲ್ಲಗೆ ಆಡಿಕೊಂಡದ್ದನ್ನೂ ಸಹ. ಅದು ಅವರ ವೃತ್ತಿಧರ್ಮ. ಅವರ ಅಭಿಪ್ರಾಯ ಕೇಳುವುದು, ನೌಕರರ ಪರವಾಗಿ ಉತ್ತರಿಸಿ ಎನ್ನುವುದು ಸಲ್ಲದು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತನಾಡಿದರೆ ಎರಡೂ ತಲುಪುವುದಿಲ್ಲ.

ತರಬೇತಿ ಕೊಡುವವರು ಅತಿ ಹೆಚ್ಚು ಎಡವುವುದು ತೋರಿಸುತ್ತಲೇ ಹೇಳುವುದರಲ್ಲಿ. ಪ್ರೆಸ್ ಯಂತ್ರದ ಡೈ ಬಿಚ್ಚುವ ಪಾಠವನ್ನೇ ನೋಡಿ. ತರಬೇತುದಾರರು ಬಗ್ಗಿ ಬೋಲ್ಟ್ ತೋರಿಸುತ್ತಾ, "ಮೇನ್ ಸ್ವಿಚ್ ಆರಿಸಿ ಬೀಗ ಹಾಕಿ, ಕೀಲಿಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಂಡ ಮೇಲೆ ಮಾತ್ರ ಇಲ್ಲಿಗೆ ಕೈ ಹಾಕಬೇಕು" ಎನ್ನುತ್ತಾರೆ. ಕೇಳುವವರಿಗೆ ಕಣ್ಣು ಬೋಲ್ಟಿನ ಮೇಲೆ, ಕಿವಿ ಮಾತಿನ ಮೇಲೆ. ಕಿವುಡ ನೌಕರರಿಗೆ ಎರಡಕ್ಕೂ ಕಣ್ಣೊಂದೇ. ಬೋಲ್ಟ್ ನೋಡಿದರೆ "ಬೀಗ ಹಾಕಿದ ಮೇಲೆ ಮಾತ್ರ" ಎಂಬುದು ತಪ್ಪಿಹೋಗುತ್ತದೆ, ದುಭಾಷಿಯನ್ನು ನೋಡಿದರೆ ಯಾವ ಬೋಲ್ಟೆಂಬುದು ತಪ್ಪಿಹೋಗುತ್ತದೆ. ಆದ್ದರಿಂದ ಮೊದಲು ಹೇಳಿ, ದುಭಾಷಿಯ ಕೈ ನಿಲ್ಲುವವರೆಗೆ ಕಾಯಿರಿ, ಆಮೇಲೆ ಸುಮ್ಮನೆ ಮಾಡಿ ತೋರಿಸಿ. ಕೈಗವಸು ತೊಟ್ಟವರು ಉತ್ತರಿಸಲು ಅದನ್ನು ಕಳಚಬೇಕೆಂಬುದೂ ನೆನಪಿರಲಿ. ಕೊನೆಗೆ "ಅರ್ಥವಾಯಿತೆ?" ಎಂದು ಕೇಳಬೇಡಿ, ತಲೆಯಾಡಿಕೆಯೇ ಉತ್ತರವಾಗಿ ಬರುತ್ತದೆ. ಮಾಡಬೇಕಾದದ್ದನ್ನು ಅನುಕ್ರಮವಾಗಿ ಅವರೇ ವಿವರಿಸಲಿ, ಯಂತ್ರದ ಮುಂದೆ ಮಾಡಿ ತೋರಿಸಲಿ.

ದುಭಾಷಿ ಎದುರಿಗಿಲ್ಲದಾಗ

ಹದಿನೈದು ನಿಮಿಷದ ಮಾತಿಗೆ ವಿಡಿಯೊ ಕರೆಯ ಮೂಲಕ ದುಭಾಷಿಯ ನೆರವು ಪಡೆಯಬಹುದು. ತಗಡಿನ ಶೀಟಿನ ಶೆಡ್ಡಿನೊಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಯಂತ್ರದ ಸದ್ದಿನಲ್ಲಿ ದುಭಾಷಿಗೆ ನಿಮ್ಮ ಮಾತು ಕೇಳಿಸುವುದಿಲ್ಲ. ಆಫೀಸಿನ ಒಂದು ಕೋಣೆಯಲ್ಲಿ ವೈಫೈ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಟ್ಯಾಬ್, ಒಳ್ಳೆಯ ಮೈಕ್ ಇಟ್ಟು ಅದನ್ನು ಮೊದಲೇ ಪರೀಕ್ಷಿಸಿಡಿ. ಫೋನನ್ನು ಕೈಯಲ್ಲಿ ಹಿಡಿದರೆ ನೌಕರರಿಗೆ ಸನ್ನೆ ಮಾಡಲು ಒಂದೇ ಕೈ ಉಳಿಯುತ್ತದೆ. ಶಿಸ್ತು ವಿಚಾರಣೆಗೆ, ಯಂತ್ರದ ತರಬೇತಿಗೆ ವಿಡಿಯೊ ಕರೆ ಬೇಡ.

ಬೆಂಕಿ, ಅನಿಲ ಸೋರಿಕೆಯಂಥ ಹೊತ್ತಿನಲ್ಲಿ ಯಾವ ದುಭಾಷಿಯೂ ಸಿಗುವುದಿಲ್ಲ. ಸೈರನ್ ಜೊತೆಗೆ ಮಿನುಗುವ ದೀಪಗಳನ್ನು ಶೌಚಾಲಯ, ಉಗ್ರಾಣಗಳಲ್ಲಿಯೂ ಅಳವಡಿಸಿ. ಪ್ರತಿ ಶಿಫ್ಟಿನಲ್ಲಿ ಜೊತೆಗಾರರೊಬ್ಬರನ್ನು ಗೊತ್ತುಮಾಡಿ. ಅಣಕು ಕಾರ್ಯಾಚರಣೆಯ ದಿನ ದುಭಾಷಿಯನ್ನು ಕರೆಸಿ ಎಲ್ಲವನ್ನೂ ವಿವರಿಸಿ. ಶೆಡ್ಡಿನ ಇತರರಿಗೂ ನಿತ್ಯದ ಸನ್ನೆಗಳನ್ನು ಕಲಿಸುವುದು ಒಳ್ಳೆಯದು. ದೆಹಲಿಯ ಕೇಂದ್ರವು ಸಿದ್ಧಪಡಿಸಿದ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳ ಸನ್ನೆಗಳು ಸೇರಿದ್ದವು, ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕಲಿಸಲು ನಿಮ್ಮ ಕಿವುಡ ನೌಕರರನ್ನೇ ಕೇಳಿಕೊಳ್ಳಿ, ಆ ಹೊತ್ತನ್ನು ಕೆಲಸದ ಅವಧಿಯೆಂದೇ ಪರಿಗಣಿಸಿ.

ಕಾರ್ಯಕ್ರಮ ಮುಗಿದ ಬಳಿಕ ಒಂದೆರಡು ದಿನದೊಳಗೆ, ಆ ದುಭಾಷಿ ಎದುರಿಗಿಲ್ಲದಾಗ, ನೌಕರರ ಅಭಿಪ್ರಾಯ ಪಡೆಯಿರಿ: ಎಲ್ಲಿ ತಪ್ಪಿತು, ಯಾವುದು ವೇಗವಾಯಿತು, ಮುಂದಿನ ಸಲವೂ ಇವರೇ ಇರಬಹುದೇ. ಬೇಡವೆಂದರೆ ಕಾರಣ ಕೆದಕದೆ ಬೇರೊಬ್ಬರನ್ನು ಹುಡುಕಿ. ದುಭಾಷಿಯ ಬಿಲ್ಲನ್ನು ಒಪ್ಪಿದ ದಿನಾಂಕದೊಳಗೆ ಪಾವತಿಸಿ. ಅವರಲ್ಲಿ ಅನೇಕರು ಸ್ವತಂತ್ರವಾಗಿ ದುಡಿಯುವವರು, ಬಾಕಿ ಉಳಿಸಿಕೊಂಡ ಕಾರ್ಖಾನೆಗೆ ಎರಡನೇ ಸಲ ಬರಲು ಅವರು ಒಪ್ಪುವುದಿಲ್ಲ.