ಜಪಾನಿಗೆ ಹೊರಡುವ ಮುನ್ನ ಔಷಧಿ ಡಬ್ಬಿಯನ್ನು ಸುರಿದು ನೋಡಿ

ವೀಸಾ, ಮನೆ ಬಾಡಿಗೆ, ಬ್ಯಾಂಕ್ ಖಾತೆಯ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಹೊಸಬರು ಎಡವುವುದು ನೆಗಡಿ ಮಾತ್ರೆಯಲ್ಲಿ.

ಮೆಥಾಂಫೆಟಮೈನ್ ಎಂಬ ಮಾದಕವನ್ನು 1893ರಲ್ಲಿ ಮೊದಲು ತಯಾರಿಸಿದ್ದೇ ಜಪಾನಿನ ರಸಾಯನ ವಿಜ್ಞಾನಿ ನಾಗಾಯಿ ನಾಗಾಯೋಶಿ, ಎಫೆಡ್ರಿನ್ ಎಂಬ ರಾಸಾಯನಿಕದಿಂದ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದು ‘ಹಿರೊಪೋನ್’ ಹೆಸರಿನಲ್ಲಿ ಅಂಗಡಿಯಲ್ಲೇ ಸಿಗುತ್ತಿತ್ತು. ನಿದ್ದೆ, ಹಸಿವು ಎರಡನ್ನೂ ಓಡಿಸುವ ಮಾತ್ರೆ. ಸೈನಿಕರೂ ನುಂಗಿದರು, ಕಾರ್ಮಿಕರೂ ನುಂಗಿದರು. ಯುದ್ಧ ಮುಗಿದರೂ ಚಟ ಬಿಡಲಿಲ್ಲ. ಏರಿದ ರಕ್ತದೊತ್ತಡ, ಹದಗೆಟ್ಟ ಹೃದಯ, ಯಾರೋ ಬೆನ್ನಟ್ಟುತ್ತಿದ್ದಾರೆ ಎಂಬ ಭ್ರಮೆ ಅದರ ಹಿಂದೆಯೇ ಬಂದವು. ಅದನ್ನು ತಡೆಯಲು 1951ರಲ್ಲಿ ಬಂದ ಕಾನೂನು ಇವತ್ತಿಗೂ ಬಿಗಿಯಾಗಿಯೇ ಇದೆ.

ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸೂಡೊಎಫೆಡ್ರಿನ್ ಆ ಮಾದಕದ ಕಚ್ಚಾವಸ್ತುವಾಗಬಲ್ಲದು; ಅದು ಶೇ 10ಕ್ಕಿಂತ ಹೆಚ್ಚಿರುವ ಮಾತ್ರೆಯನ್ನು ಮುಂಚಿತ ಅನುಮತಿಯಿಲ್ಲದೆ ಇಲ್ಲಿಗೆ, ಜಪಾನಿಗೆ, ತರುವಂತಿಲ್ಲ. ನಮ್ಮೂರಿನ ಮೆಡಿಕಲ್ ಶಾಪಿನವರು ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತಾರೆ, ಕಾಗದದ ಪೊಟ್ಟಣದಲ್ಲಿ. ಹೆಸರು ಒಂದು ತುಂಡಿನಲ್ಲಿ, ಘಟಕಗಳ ವಿವರ ಇನ್ನೊಂದರಲ್ಲಿ. ಕಸ್ಟಮ್ಸ್ ಅಧಿಕಾರಿಯ ಮುಂದೆ ಅದೇನೆಂದು ನೀವು ಹೇಗೆ ಹೇಳುತ್ತೀರಿ? ಪರಿಚಯದ ಹುಡುಗನೊಬ್ಬನಿಗೆ ತುಮಕೂರಿನಿಂದ ಅವನ ತಾಯಿ ಚಟ್ನಿಪುಡಿಯ ಜೊತೆ ಇಂಥದೇ ಪೊಟ್ಟಣ ಕಳಿಸಿದ್ದರು. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿತು. ವೈದ್ಯರ ಚೀಟಿ, ವಿವರಣೆ, ಓಡಾಟ ಎಲ್ಲ ಮುಗಿಯುವಷ್ಟರಲ್ಲಿ ಚಟ್ನಿಪುಡಿಯೂ ಮುಗ್ಗಲು ಹಿಡಿದಿತ್ತು. ಅವನ ಅದೃಷ್ಟ ದೊಡ್ಡದು. ಇಲ್ಲಿ ಆರೋಪ ಹೊರಿಸುವ ಮೊದಲೇ 23 ದಿನ ಬಂಧನದಲ್ಲಿಡಬಹುದು. ಇದು ನನಗೆ ಅತಿ ಎನಿಸುತ್ತದೆ. ಆದರೆ ಕೇಳಿದವರಿಗೆಲ್ಲ ಮಾತ್ರೆ ಕತ್ತರಿಸಿ ಕೊಡುವ ನಮ್ಮ ಪದ್ಧತಿಗಿಂತ, ಪ್ರತಿ ಔಷಧಿಗೂ ವಿವರದ ಚೀಟಿ ಸೇರಿಸಿ ಕೊಡುವ ಇಲ್ಲಿನ ಪದ್ಧತಿಯೇ ಮೇಲು.

ಆದ್ದರಿಂದ ಹೊರಡುವ ಮುನ್ನ ಪೂರ್ತಿ ಪಟ್ಟಿಯನ್ನೇ, ಪೆಟ್ಟಿಗೆಯ ಸಮೇತ ಕೊಳ್ಳಿ. ಬಂದ ಮೇಲೆ ಊರಿನಿಂದ ಮಾತ್ರೆ ತರಿಸಲೇಬೇಡಿ; ನೆಗಡಿಗೆ ಇಲ್ಲಿನ ಔಷಧಿ ಅಂಗಡಿಯೇ ಸಾಕು.

ಅಮೆರಿಕದಿಂದ ಬರುವ ಕನ್ನಡಿಗರಿಗೆ ಇನ್ನೊಂದು ಮಾತು: ಏಕಾಗ್ರತೆಯ ತೊಂದರೆಗೆ ಅಲ್ಲಿನ ವೈದ್ಯರು ಬರೆದುಕೊಡುವ ಅಡೆರಾಲ್‌ನಲ್ಲಿ ಮೆಥಾಂಫೆಟಮೈನ್‌ನ ಹತ್ತಿರದ ನೆಂಟ ಆಂಫೆಟಮೈನ್ ಇದೆ. ಚೀಟಿ ಇದ್ದರೂ ಅದನ್ನು ಇಲ್ಲಿಗೆ ತರುವಂತಿಲ್ಲ, ಅನುಮತಿಯೂ ಸಿಗುವುದಿಲ್ಲ. ಟಿಕೆಟ್ ಕಾಯ್ದಿರಿಸುವ ಮೊದಲೇ ವೈದ್ಯರ ಬಳಿ ಬದಲಿ ಔಷಧಿಯ ಬಗ್ಗೆ ಮಾತಾಡಿ. ಆ ಬದಲಿಗೂ ಅನುಮತಿ ಬೇಕಾಗಬಹುದು; ಅದನ್ನು ಆರೋಗ್ಯ ಸಚಿವಾಲಯದ ಮಾದಕವಸ್ತು ನಿಯಂತ್ರಣ ವಿಭಾಗದಿಂದ ವಿಮಾನ ಹತ್ತುವ ಮೊದಲೇ ಪಡೆದಿರಬೇಕು.